ಸೋನುವಿನ ಪಾಲಿನ ಕಾಣೆ ಮೀನು

ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು. ಆಗ ನಮ್ಮ ಕಡಲ ಕರೆಯ ಊರುಗಳಲ್ಲಿ ನಾಯಿಗೆ ಏನು ಹಾಕಬೇಕು ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಉಂಡು ಉಳಿದ ಅನ್ನ, ಬಳಿದ ಪಾತ್ರೆಯ ಸಾರು, ಮೀನು ಕೊಯ್ದ ಮೇಲಿನ ತಲೆ, ಕರುಳು. ಅಷ್ಟನ್ನು ತಿಂದು ನಾಯಿಗಳು ಅಂಗಳದ ಹೊಯ್ಗೆಯಲ್ಲಿ ಕಾಲು ಚಾಚಿ ಮಲಗುತ್ತಿದ್ದವು. ತಟ್ಟೆಯನ್ನು ಮೂಸಿ ಮುಖ ತಿರುಗಿಸಿದ ನಾಯಿಯನ್ನು ನಾನಂತೂ ಕಂಡಿರಲಿಲ್ಲ. ನಿಮ್ಮಲ್ಲಿ ನನ್ನ ಪ್ರಾಯದವರು ಯಾರಾದರೂ ಇದ್ದರೆ ನೀವೂ ಕಂಡಿರಲಿಕ್ಕಿಲ್ಲ.

ಸೋನು ಬಂದ ಮೇಲೆ ಅದನ್ನೂ ಕಂಡದ್ದಾಯಿತು.

ನಮ್ಮ ಮನೆ ಗಂಗೊಳ್ಳಿ ಬಂದರಿಗೆ ಹತ್ತಿರ. ಅಪ್ಪಯ್ಯ ಬೋಟಿಗೆ ಹೋಗುವವರು, ಮನೆಯಲ್ಲಿ ಇದ್ದದ್ದಕ್ಕಿಂತ ನೀರಿನ ಮೇಲೆ ಇದ್ದದ್ದೇ ಹೆಚ್ಚು. ಹಾಗಾಗಿ ಮನೆಯೆಂದರೆ ಅಮ್ಮ, ನಾನು, ಮತ್ತು ಅಮ್ಮನ ಅಮ್ಮ, ನನ್ನ ಅಜ್ಜಿ. ಅಜ್ಜಿ ಮೀನು ಮಾರುವವಳು. ಬೆಳಕು ಹರಿಯುವಾಗ ಬಂದರಿಗೆ ಹೋಗಿ ಮೀನು ಆರಿಸಿ, ಬುಟ್ಟಿಯನ್ನು ಬಸ್ಸಿಗೆ ಏರಿಸಿ ವಂಡ್ಸೆಗೆ ಹೋಗುತ್ತಿದ್ದಳು. ಅಲ್ಲಿಂದ ಕೆಲವು ದಿನ ರಿಕ್ಷಾದಲ್ಲಿ ಕೆರಾಡಿಯವರೆಗೂ. ಕಾಡಿನಂಥ ಹಾಡಿಯ ಬದಿಯ ಆ ಮನೆಗಳವರು ಅಜ್ಜಿಯ ಕೂಗು ಕೇಳಿದ ಮೇಲೆಯೇ ಸಾರಿಗೆ ಕಾಯಿ ಹೆರೆಯಲು ಕೂರುತ್ತಿದ್ದರಂತೆ.

ಅಜ್ಜಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಬೋಟಿನವರು ಐಸಿನ ಅಡಿಯ ಹಳೆ ಮೀನನ್ನು ಮೇಲಿನ ಮೀನಿನೊಂದಿಗೆ ಬೆರೆಸುತ್ತಾರೆ ಎಂಬ ಸಂಶಯ. ಕಂಡಕ್ಟರು ಬುಟ್ಟಿಯನ್ನು ಬೇಕೆಂದೇ ಬಿಸಿಲಿನ ಬದಿಗೆ ತಳ್ಳುತ್ತಾನೆ ಎಂಬ ಸಂಶಯ. ಅವಳು ನಂಬುತ್ತಿದ್ದದ್ದು ಮೀನಿನ ಕಿವಿರು ಒಂದನ್ನೇ. ಅದನ್ನು ಅವಳು ಮೀನಿನ ಕೆಮಿ, ಅಂದರೆ ಕಿವಿ, ಎನ್ನುತ್ತಿದ್ದಳು. ಹೆಬ್ಬೆರಳಿನಿಂದ ಎತ್ತಿ, ಒಳಗೆ ಕೆಂಪು ಇದ್ದರೆ ಬುಟ್ಟಿಗೆ, ಬಣ್ಣ ಮಾಸಿದ್ದರೆ ಅಲ್ಲೇ ನೆಲಕ್ಕೆ. ಕೊಳ್ಳುವವರು ಅನುಮಾನಪಟ್ಟರೂ ಅವಳದ್ದು ಅದೇ ಉತ್ತರ. "ನನ್ ಮಾತ್ ನಂಬ್ಬೇಡಿ. ಕೆಮಿ ಎತ್ತಿ ಕಾಣಿ."

ಆ ವರ್ಷ ಚೌತಿಗೆ ಮುಂಬೈಯಿಂದ ಸುರೇಶ ಮಾವ ಬಂದ. ಅಮ್ಮನ ತಮ್ಮ, ಅಜ್ಜಿಯ ಒಬ್ಬನೇ ಮಗ, ಅಲ್ಲಿ ಒಂದು ಹೋಟೆಲಿನಲ್ಲಿ ಮ್ಯಾನೇಜರು. ರಿಕ್ಷಾದಿಂದ ಇಳಿದವನ ಕಂಕುಳಲ್ಲಿ ಬಿಳಿ ಹತ್ತಿಯಂಥ ಒಂದು ನಾಯಿ ಇತ್ತು. ಇಷ್ಟೇ ಇಷ್ಟು ದೊಡ್ಡದು. ಅವರು ಇದ್ದ ಕಟ್ಟಡವನ್ನು ಕೆಡವಿ ಹೊಸದು ಕಟ್ಟುತ್ತಾರಂತೆ, ಈಗಿನ ಬಾಡಿಗೆ ಮನೆಯ ಯಜಮಾನ ನಾಯಿ ಬೇಡ ಎಂದನಂತೆ. ಬೇರೆ ಮನೆ ಸಿಕ್ಕಿ ದೀಪಾವಳಿಗೆ ಬಂದು ಕರೆದುಕೊಂಡು ಹೋಗುವ ತನಕ ಸೋನು ನಮ್ಮಲ್ಲಿ ಇರಬೇಕು.

"ಅಮ್ಮ, ಇದ್ಕೆ ಈ ಪ್ಯಾಕೆಟಿಂದೇ ಹಾಕ್ಕ್. ಬೇರೆ ಎಂತದೂ ಕೊಡೂಕಾಗ," ಎಂದ ಮಾವ, ಒಂದು ದೊಡ್ಡ ಚೀಲ ಇಳಿಸಿ.

ಅಷ್ಟರಲ್ಲಿ ಅಜ್ಜಿಗೆ ಮಾವನ ಹೆಂಡತಿಯ, ಅಂದರೆ ನನ್ನ ಅತ್ತೆಯ, ಫೋನ್ ಬಂತು. ಅತ್ತೆ ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಅವಳ ಧ್ವನಿ ಹೊರಗೆ ನಿಂತ ನನಗೂ ಕೇಳಿಸಿತು. "ಅತ್ತೆ, ಪ್ಲೀಸ್ ಹಾಂ, ಅದಕ್ಕೆ ಹಳೆ ಮೀನು ಗೀನು ಕೊಡಬೇಡಿ. ಪೂಜಾ ಅದನ್ನು ಬಿಟ್ಟು ಇರೋದಿಲ್ಲ. ಅದಕ್ಕೇನಾದ್ರೂ ಆದ್ರೆ ಅವಳು ಊಟಾನೇ ಬಿಡ್ತಾಳೆ."

ಪೂಜಾ ಎಂದರೆ ಮಾವನ ಸಣ್ಣ ಮಗಳು. ಅಜ್ಜಿ ಹೂಂ ಎಂದಳು, ಫೋನ್ ಇಟ್ಟಳು. ಹಳೆ ಮೀನು! ಜೀವಮಾನವಿಡೀ ಕಿವಿರು ಎತ್ತಿ ತೋರಿಸಿ ಮಾರಿದವಳಿಗೆ ಆ ಮಾತು ಎಲ್ಲಿ ತಾಗಿತೋ ಅಲ್ಲೇ ಉಳಿಯಿತು. ಸೋನುವನ್ನು ದೀಪಾವಳಿಗೆ ಕೂದಲೂ ಕೊಂಕದ ಹಾಗೆ ತಿರುಗಿ ಕೊಡುವುದು ಆವತ್ತಿನಿಂದ ಅವಳ ಮರ್ಯಾದೆಯ ಪ್ರಶ್ನೆಯಾಯಿತು.

ಮಾವ ಹೋದ ದಿನ ಸಂಜೆ ಅಜ್ಜಿ ಆ ಚೀಲದ ಮುಂದೆ ಕೂತಳು. ಚೀಲದ ಮೇಲೆ ನಗುವ ನಾಯಿ, ಪಕ್ಕದಲ್ಲಿ ಕ್ಯಾರೆಟ್ಟು, ಬಟಾಣಿ, ಹುರಿದ ಕೋಳಿ ಕಾಲು. ಒಳಗೆ ನೋಡಿದರೆ ಕಂದು ಬಣ್ಣದ ಗೋಲಿಗಳು.

"ಕೋಳಿ ಇತ್ತ್ ಅಂದ್ ಚಿತ್ರ ಬರ್ದಿರ್. ಇದ್ರಗ್ ಕೋಳಿ ಎಲ್ಲಿತ್ತ್?" ಎಂದಳು.

"ಹುಡಿ ಮಾಡಿ ಹಾಕಿರ್ತ್ರ್ ಅಮ್ಮ," ಎಂದಳು ಅಮ್ಮ.

"ಹುಡಿ ಮಾಡುದ್ ಎಂತಕೆ? ಮುಖ ತೋರ್ಸೂಕಾಗ್ದಿದ್ದದ್ದನ್ನೇ ಹುಡಿ ಮಾಡುದ್."

ಅವಳ ಸಂಶಯಕ್ಕೆ ಬುಡ ಇರಲಿಲ್ಲ ಎನ್ನುವ ಹಾಗಿಲ್ಲ. ಬಂದರಿನಲ್ಲಿ ಯಾರೂ ಕೊಳ್ಳದ, ಕೊಳೆತ, ಚೂರಾದ ಮೀನನ್ನು ಲಾರಿಯಲ್ಲಿ ತುಂಬಿ ಮೀನಿನ ಹುಡಿ ಮಾಡುವಲ್ಲಿಗೆ ಕಳಿಸುತ್ತಿದ್ದರು. ಆ ಲಾರಿ ಹೋದರೆ ರಸ್ತೆ ಬದಿಯವರೆಲ್ಲ ಮೂಗು ಮುಚ್ಚುತ್ತಿದ್ದರು. ಅಜ್ಜಿ ಒಂದು ಗೋಲಿ ಎತ್ತಿ ಮೂಸಿದಳು. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು, ಆ ಲಾರಿ ನಮ್ಮ ಮನೆಯೊಳಗೆ ಬಂದಾಯಿತು ಎಂದು. ನಾವು ಬಿಸಾಡಿದ್ದನ್ನೇ ಹುಡಿ ಮಾಡಿ, ನಾಯಿಯ ಚಿತ್ರ ಅಂಟಿಸಿ, ನಮಗೇ ಮಾರುತ್ತಾರೆ ಎಂಬುದು ಅವಳ ತೀರ್ಮಾನ.

ಆದರೂ ಪರೀಕ್ಷೆ ಮಾಡದೆ ಬಿಡುವವಳಲ್ಲ. ಗೋಲಿಗೆ ಎತ್ತಲು ಕಿವಿರೂ ಇಲ್ಲ. ಹಾಗಾಗಿ ಅದನ್ನು ಬಾಯಿಗೇ ಹಾಕಿಕೊಂಡಳು. ಸೋನು ತಟ್ಟೆಯ ಮುಂದೆ ಕೂತು, ತಲೆ ಓರೆ ಮಾಡಿ ಅವಳ ಬಾಯಿಯನ್ನೇ ನೋಡುತ್ತಿತ್ತು. ಅಜ್ಜಿ ಎರಡು ಸಲ ಜಗಿದಳು, ಕಣ್ಣು ಕಿರಿದು ಮಾಡಿದಳು, ಮತ್ತೆ ಎದ್ದು ಅಂಗಳದ ಬದಿಗೆ ಹೋಗಿ ಥೂ ಎಂದು ಉಗಿದಳು. ಬಾಯಿ ಮುಕ್ಕಳಿಸಿ ಇನ್ನೊಮ್ಮೆ ಉಗಿದಳು.

"ಉಪ್ಪಿಲ್ಲೆ, ಹುಳಿ ಇಲ್ಲೆ. ದೇವರಾಣಿಗೂ ಮೀನ್ ಹುಡಿಯೇ."

ನನಗೂ ಅಮ್ಮನಿಗೂ ನಕ್ಕು ನಕ್ಕು ಸಾಕಾಯಿತು. ಸೋನು ಎದ್ದು, ತಟ್ಟೆಯಿಂದ ದೂರ ಹೋಗಿ, ಬಾಗಿಲಿನ ಮೂಲೆಯಲ್ಲಿ ಮಲಗಿತು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗೋಳು. ಸೋನು ಪ್ಯಾಕೆಟ್ಟಿನದ್ದನ್ನು ಮುಟ್ಟಲಿಲ್ಲ. ಹಾಲು ಇಟ್ಟೆವು, ಮೂಸಿ ಬಿಟ್ಟಿತು. ಗಂಜಿ ಇಟ್ಟೆವು, ಕೋಳಿ ಬಂದು ಕುಕ್ಕಿ ಹೋಯಿತು. ಬೇಯಿಸಿದ ಮೊಟ್ಟೆಯನ್ನು ನಾನೇ ಅದರ ಮೂತಿಗೆ ಹಿಡಿದೆ. ಅದು ಮೊಟ್ಟೆಯನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿತು. ಏನನ್ನೋ ಕಾಯುವ ಹಾಗೆ. ನನಗೆ ಅದು ನನ್ನ ಮೇಲೆ ಸಂಶಯಪಡುತ್ತಿದೆ ಎಂದೇ ಅನ್ನಿಸಿ ಸಿಟ್ಟು ಬಂತು.

ನೀರು ಕುಡಿಯುತ್ತಿತ್ತು, ನೆಲಕ್ಕೆ ಬಿದ್ದ ಬಿಸ್ಕತ್ತಿನ ಚೂರು ನೆಕ್ಕುತ್ತಿತ್ತು, ಅಷ್ಟೇ. ಆ ತುಂಬಿದ ರೋಮ ಬೆನ್ನಿಗೆ ಅಂಟಿ, ಕೈಯಾಡಿಸಿದರೆ ಎಲುಬು ಸಿಗತೊಡಗಿತು. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಮಾನಿ. ಅಜ್ಜಿಗೆ ಪ್ಯಾಕೆಟ್ಟಿನ ಮೇಲೆ. ಅಮ್ಮನಿಗೆ ಪಕ್ಕದ ಮನೆಯ ಬೇಬಿಯಕ್ಕನ ಮೇಲೆ. ಅವಳು ಬೇಲಿಯ ಆಚೆಯಿಂದ "ಎಷ್ಟ್ ಚೆಂದ ಇತ್ತಲೇ ಇದ್" ಎಂದ ಹೊತ್ತಿಗೇ ಕಣ್ಣು ತಾಗಿತು ಎಂದು ಅಮ್ಮ ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ದನದ ಡಾಕ್ಟ್ರು ಬಂದು ನೋಡಿ, ರೋಗ ಏನೂ ಇಲ್ಲ, ಹಸಿದಾಗ ತಿಂತದೆ ಎಂದರು. ಅವರು ಗೇಟು ದಾಟಿದ ಮೇಲೆ ಅಜ್ಜಿ ಕೇಳಿದಳು, "ದನದ್ ಡಾಕ್ಟ್ರಿಗೆ ನಾಯಿ ಹೊಟ್ಟಿ ಒಳ್ಗಿನ್ ಸುದ್ದಿ ಹ್ಯಾಂಗ್ ಗೊತ್ತಾತ್ತ್?"

ಸಂಜೆಯಾದರೆ ಮಾವನ ಫೋನ್. ಸೋನು ತಿಂತಾ? ಅಜ್ಜಿಗೆ ಸುಳ್ಳು ಹೇಳಲಿಕ್ಕೆ ಬಾರದು. ಫೋನನ್ನು ಅಮ್ಮನ ಕೈಗೆ ಕೊಟ್ಟು ಬಚ್ಚಲಿನ ಕಡೆ ಹೋಗಿಬಿಡುತ್ತಿದ್ದಳು. ಅಮ್ಮ, "ಹೂಂ, ತಿಂತಿತ್ತ್, ಲಾಯ್ಕ್ ಇತ್ತ್," ಎನ್ನುವಾಗ ಬಚ್ಚಲಿನಲ್ಲಿ ಕೊಡಪಾನದ ಸದ್ದು ಜೋರಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಅಜ್ಜಿ ವಂಡ್ಸೆಯಿಂದ ಬಂದವಳು ಸೆರಗಿನ ಮರೆಯಿಂದ ಒಂದು ಎಲೆಯ ಕಟ್ಟು ತೆಗೆದಳು. ಬಿಚ್ಚಿದರೆ ಕಾಣೆ ಮೀನು! ಉದ್ದಕ್ಕೆ, ಹೊಳೆಯುವ, ಕಿವಿರು ದಾಸವಾಳದಷ್ಟು ಕೆಂಪಿದ್ದ ಕಾಣೆ.

ಇಲ್ಲಿ ಒಂದು ಮಾತು ಹೇಳಬೇಕು. ಮೀನು ಮಾರುವವರ ಮನೆಯಲ್ಲಿ ದಿನಾ ಒಳ್ಳೆ ಮೀನಿನ ಊಟ ಎಂದು ನನ್ನ ಶಾಲೆಯ ಗೆಳತಿಯರೆಲ್ಲ ತಿಳಿದಿದ್ದರು. ಒಳ್ಳೆ ಮೀನು ಮಾರಲಿಕ್ಕೆ ಇರುವುದು. ಮನೆಗೆ ಬರುವುದು ಹೊಟ್ಟೆ ಒಡೆದ ಬೈಗೆ ಮೀನು, ಬುಟ್ಟಿಯ ಅಡಿಯಲ್ಲಿ ನುರಿದ ಸಣ್ಣ ಬಂಗ್ಡೆ. ಹಾಳಾದದ್ದಲ್ಲ, ಆದರೆ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲದ್ದು. ಕಾಣೆಯಂತೂ ಬಾಣಂತಿಯರಿಗೆ, ಜ್ವರ ಬಿಟ್ಟು ಎದ್ದವರಿಗೆ ಎಂದು ವಂಡ್ಸೆಯವರು ಹೇಳಿ ತರಿಸುವ ಮೀನು. ಅದು ನಮ್ಮ ಒಲೆಯ ಮೇಲೆ ಏರಿದ್ದು ನನಗೆ ನೆನಪಿರಲಿಲ್ಲ.

ನಾನು ಕುಣಿಯುವುದರೊಳಗೆ ಅಜ್ಜಿ ಹೇಳಿದಳು, "ಹೆಣೆ, ಕೈ ಹಾಕ್ಬೇಡ. ಇದ್ ನಾಯಿದ್."

ಅಮ್ಮ ಬಾಯಿ ಬಿಟ್ಟು ನಿಂತಳು. ಅಜ್ಜಿ ಸಣ್ಣ ಮಡಕೆಯಲ್ಲಿ ಖಾರ, ಉಪ್ಪು ಏನೂ ಹಾಕದೆ ಕಾಣೆ ಬೇಯಿಸಿದಳು. ತಟ್ಟೆಗೆ ಬಗ್ಗಿಸಿ ಮುಳ್ಳು ತೆಗೆದಳು. ಸೋನುವನ್ನು ಕರೆದುಕೊಂಡು ಹಿತ್ತಿಲಿಗೆ ಹೋದಳು. "ಯಾರೂ ಬಪ್ಪುದ್ ಬೇಡ. ಜನ ಕಂಡ್ರೆ ಅದ್ ತಿಂತಿಲ್ಲೆ." ಸ್ವಲ್ಪ ಹೊತ್ತಿಗೆ ಖಾಲಿ ತಟ್ಟೆ ಬಂತು. ಹಿಂದಿನಿಂದ ಬಾಲ ಅಲ್ಲಾಡಿಸುತ್ತ ಸೋನು.

ಮರುದಿನವೂ ಕಾಣೆ, ಮತ್ತೊಂದು ದಿನವೂ. ಸೋನು ಚೇತರಿಸಿತು, ರೋಮ ಮತ್ತೆ ನಿಂತಿತು. ಅದೇನೋ ಸಂತೋಷವೇ. ಆದರೆ ನನ್ನ ಬಟ್ಟಲಿನಲ್ಲಿ ಒಡೆದ ಬೈಗೆ, ನಾಯಿಯ ತಟ್ಟೆಯಲ್ಲಿ ಕಾಣೆ ಎಂದರೆ ಯಾವ ಮಗುವಿಗೆ ಹೊಟ್ಟೆ ಉರಿಯುವುದಿಲ್ಲ ಹೇಳಿ? ಅಷ್ಟು ಸಣ್ಣ ಹೊಟ್ಟೆಗೆ ಅಷ್ಟೂ ಮೀನು ಹೋಗುತ್ತದೆಯೇ ಎಂಬ ಯೋಚನೆಯೂ ಬಂತು.

ಅಮ್ಮನ ತಲೆಗೆ ಹುಳ ಬಿಟ್ಟದ್ದು ಸೋಮವಾರ. ಸೋಮವಾರ ಅಜ್ಜಿ ಮೀನು ಮುಟ್ಟುವುದಿಲ್ಲ, ಅದು ಮೊದಲಿನಿಂದಲೂ ಇದ್ದ ವ್ರತ. ಆ ದಿನ ಸೋನುವಿಗೂ ಮೀನಿಲ್ಲ, ಬರೀ ಹಾಲು ಅನ್ನ.

"ನಾಯಿಗೆಂತಕೆ ಸೋಮವಾರ, ಅಮ್ಮ?" ಎಂದು ಅಮ್ಮ ಕೇಳಿಯೇ ಬಿಟ್ಟಳು.

"ಇರ್ಲಿ, ಅದ್ಕೂ ಪುಣ್ಯ ಬರ್ಲಿ," ಎಂದು ಅಜ್ಜಿ ಅನ್ನಕ್ಕೆ ಹಾಲು ಕಲಸಿಕೊಂಡು ಹಿತ್ತಿಲಿಗೆ ನಡೆದಳು.

ಸಾಲದ್ದಕ್ಕೆ ಮರುದಿನ ಬೇಬಿಯಕ್ಕ ಬಂದಳು. ಸಕ್ಕರೆ ಕೇಳುವ ನೆಪ. ಅಜ್ಜಿ ಪೇಟೆಯಲ್ಲಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು ಅಮ್ಮನ ಬಳಿ ಧ್ವನಿ ಇಳಿಸಿದಳು. "ಸರೋಜಾ, ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಣ್ಬೇಡ. ನಿನ್ನಮ್ಮ ನಾಯಿ ಹೆಸ್ರ್ ಹೇಳಿ ತಾವೇ ಕಾಣೆ ತಿಂತ್ರ್. ಬೇಲಿ ಆಚಿಂದ ನಾ ಕಣ್ಣಾರೆ ಕಂಡಿದೆ."

ಅಮ್ಮ ಸಕ್ಕರೆ ಕೊಟ್ಟು ಕಳಿಸಿದಳು. ಆದರೆ ಅವಳ ಮುಖ ಸಣ್ಣದಾಗಿತ್ತು. ಮೊಮ್ಮಗಳಿಗೆ ಕೊಡದೆ, ಮಗಳಿಗೆ ಹೇಳದೆ, ನಾಯಿಯ ನೆಪದಲ್ಲಿ ಕದ್ದು ತಿನ್ನುವುದೆಂದರೆ? ನನಗೆ ಅಳುವೇ ಬಂತು. ಅಜ್ಜಿಯ ಮೇಲೆ ಸಂಶಯ ಪಡುವ ದಿನ ಬರುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಸಂಶಯ ಅವಳ ಕೆಲಸ, ನಮ್ಮದಾಗಿರಲಿಲ್ಲ.

ಆ ಮಧ್ಯಾಹ್ನ ಅಜ್ಜಿ ತಟ್ಟೆ ಹಿಡಿದು ಹಿತ್ತಿಲಿಗೆ ಹೋದ ಮೇಲೆ ಅಮ್ಮ ನನ್ನ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದಳು. ಬಚ್ಚಲಿನ ಸಣ್ಣ ಕಿಟಕಿಯಿಂದ ಬಾವಿಕಟ್ಟೆ ಕಾಣುತ್ತದೆ. ನಾನು ಹಂಡೆಯ ಕಟ್ಟೆ ಹತ್ತಿದೆ, ಅಮ್ಮ ನನ್ನ ಹಿಂದೆ ನಿಂತಳು.

ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಎದುರಿಗೆ ಸೋನು. ಅಜ್ಜಿ ಬೆರಳ ತುದಿಯಿಂದ ಒಂದು ಚೂರು ಕಾಣೆ ಎತ್ತಿ ನೆಲದ ಎಲೆಯ ಮೇಲೆ ಇಟ್ಟಳು. ಸೋನು ಅಲುಗಲಿಲ್ಲ. ಅವಳ ಮುಖವನ್ನೇ ನೋಡುತ್ತಿತ್ತು, ನನ್ನ ಮುಖವನ್ನು ನೋಡಿದ ಹಾಗೆಯೇ.

"ಸಂಶಯ ಬಿಡುದಿಲ್ಲೆ ಅಲ್ದಾ ನೀನ್," ಎಂದಳು ಅಜ್ಜಿ. ಇನ್ನೊಂದು ಚೂರನ್ನು ತನ್ನ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಜಗಿದು ನುಂಗಿದಳು. ಮತ್ತೆ ಬಾಯಿ ಅಗಲ ತೆರೆದು ತೋರಿಸಿದಳು, ಬಂದರಿನಲ್ಲಿ ಕಿವಿರು ತೆರೆದು ತೋರಿಸುವ ಹಾಗೆ. "ಕಂಡ್ಯಾ? ನಂಗೆಂತ ಆಯ್ಲಿಲ್ಲೆ. ಈಗ ತಿನ್."

ಸೋನು ಎಲೆಯ ಮೇಲಿನ ಚೂರನ್ನು ತಿಂದಿತು.

ಮತ್ತೆ ಅವಳದೊಂದು ಚೂರು, ಅದರದೊಂದು ಚೂರು. ಅಜ್ಜಿ ತಾನು ತಿನ್ನದೆ ಇಟ್ಟಾಗೆಲ್ಲ ಅದು ಕಾಯುತ್ತಿತ್ತು. ತಟ್ಟೆ ಅರ್ಧವಾಗುವ ಹೊತ್ತಿಗೆ ಅಜ್ಜಿ ಜಗಿಯುತ್ತ ಕಣ್ಣು ಮುಚ್ಚಿದಳು. ಹಾಗೆ ಮುಚ್ಚಿಕೊಂಡೇ ಹೇಳಿದಳು, "ಉಪ್ಪಿಲ್ಲೆ, ಖಾರ ಇಲ್ಲೆ, ಆದ್ರೂ ಎಷ್ಟ್ ಲಾಯ್ಕ್ ಇತ್ತ್ ಅಲ್ದಾ ಸೋನು? ಕಾಣೆಗೆ ಇಷ್ಟ್ ರುಚಿ ಇತ್ತಂದ್ ನಂಗ್ ಮರ್ತೇ ಹೋಯಿತ್ತ್."

ನಾನು ತಿರುಗಿ ನೋಡಿದೆ. ಅಮ್ಮ ಹಿಂದೆ ಇರಲಿಲ್ಲ. ಅಡಿಗೆಮನೆಗೆ ಹೋಗಿ ನೋಡಿದರೆ, ಒಲೆಯ ಮುಂದೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಆ ದಿನ ಬೇಬಿಯಕ್ಕ ಬೇಲಿಯ ಬಳಿ ಬಂದು ಕಣ್ಣಲ್ಲೇ ಏನಾಯಿತು ಎಂದು ಕೇಳಿದಾಗ ಅಮ್ಮ ಊರಿಗೇ ಕೇಳುವ ಹಾಗೆ ಹೇಳಿದಳು, "ಹೌದ್ ಬೇಬಿ, ತಿಂತ್ರ್. ತಿನ್ಲಿ!"

ಅಜ್ಜಿಗೆ ನಾವು ಕಂಡದ್ದನ್ನು ಹೇಳಲಿಲ್ಲ. ಹೇಳಿದರೆ ನಾಚಿಕೊಂಡು ನಿಲ್ಲಿಸುತ್ತಾಳೆ ಎಂದು ಇಬ್ಬರಿಗೂ ಗೊತ್ತಿತ್ತು. ಮರುದಿನದಿಂದ ನನಗೆ ಹೊಟ್ಟೆಕಿಚ್ಚೂ ಇರಲಿಲ್ಲ. ಸೋನುವಿನ ತಟ್ಟೆ ಬೇಗ ಖಾಲಿಯಾಗದೆ ಇರಲಿ ಎಂದೇ ಆಸೆಯಾಗುತ್ತಿತ್ತು.

ದೀಪಾವಳಿಗೆ ಮಾವ ಬಂದ, ಜೊತೆಗೆ ಅತ್ತೆ, ಪೂಜಾ. ಸೋನು ಉರುಟುರುಟಾಗಿ ಅಂಗಳಕ್ಕೆ ಓಡಿ ಬಂದದ್ದನ್ನು ನೋಡಿ ಅತ್ತೆ ಅದನ್ನು ಎತ್ತಿ ತೂಕ ನೋಡಿದಳು. ಮೂಲೆಯಲ್ಲಿದ್ದ, ಬಾಯಿ ಬಿಚ್ಚಿ ಹಾಗೆಯೇ ಉಳಿದ ಪ್ಯಾಕೆಟ್ ಚೀಲವನ್ನು ನೋಡಿ ಮಾವ ಕೇಳಿದ, "ಇದ್ ತಿನ್ಲೇ ಇಲ್ಯಾ?"

ಪೂಜಾ ನಕ್ಕಳು. "ಅದು ಹಾಗೆಯೇ ತಿನ್ನೋದಿಲ್ಲ. ಮೊದಲು ನಾವು ತಿಂದ ಹಾಗೆ ಮಾಡ್ಬೇಕು." ಒಂದು ಗೋಲಿ ಎತ್ತಿ, ಬಾಯಿಯ ಹತ್ತಿರ ಹಿಡಿದು, ಮ್ ಮ್ ಎಂದು ಜಗಿದ ಹಾಗೆ ಮಾಡಿ, ಅಂಗೈಯಲ್ಲಿ ಇಟ್ಟು ಚಾಚಿದಳು. ಸೋನು ಕರುಂ ಕುರುಂ ಎಂದು ತಿಂದಿತು.

ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು. ಆ ಮೊದಲ ಸಂಜೆ ಅಜ್ಜಿ ಸೋನುವಿನ ಕಣ್ಣೆದುರೇ ಗೋಲಿಯನ್ನು ಥೂ ಎಂದು ಉಗಿದಿದ್ದಳಲ್ಲ! ಅದರ ನಂಬಿಕೆ ಹೋದದ್ದು ಆವತ್ತೇ.

"ಇಷ್ಟೇಯಾ?" ಎಂದ ಮಾವ. "ಅಮ್ಮ, ನೀನೂ ಸುಮ್ನೆ ತಿಂದ ಹಾಂಗ್ ಮಾಡಿರೆ ಆಯಿತ್ತ್."

"ತಿಂದ ಹಾಂಗ್ ಮಾಡೂಕೆ ನಂಗ್ ಬತ್ತಿಲ್ಲೆ," ಎಂದಳು ಅಜ್ಜಿ. "ನಾಯಿ ಆದ್ರೆಂತ, ಅದೂ ನನ್ ಮುಖ ಕಂಡೇ ಅಲ್ದಾ ತಿಂಬುದ್?"

ಅವರು ಸೋನುವನ್ನು ಕರೆದುಕೊಂಡು ಹೋದರು. ಮರುದಿನ ಅಜ್ಜಿ ಬಂದರಿನಿಂದ ತಂದ ಬುಟ್ಟಿಯನ್ನು ಅಂಗಳದಲ್ಲಿ ಇಳಿಸಿ ನೀರು ಕುಡಿಯಲು ಒಳಗೆ ಬಂದಾಗ, ಅಮ್ಮ ಬುಟ್ಟಿಯಿಂದ ಒಂದು ಕಾಣೆ ತೆಗೆದು ಮಣೆಯ ಮೇಲೆ ಇಟ್ಟಿದ್ದಳು. ಮೆಣಸು ಅರೆದಾಗಿತ್ತು. ಒಲೆಯ ಮೇಲೆ ಕಾವಲಿ ಇತ್ತು.

"ಇದ್ ಎಂತಕೆ ತೆಗ್ದದ್ದ್?" ಎಂದಳು ಅಜ್ಜಿ.

"ಇವತ್ತ್ ಇರ್ಲಿ ಅಮ್ಮ, ನೀವ್ ತಿನ್ನಿ."

ಅಜ್ಜಿಯ ಕಣ್ಣು ಸೋನು ಮಲಗುತ್ತಿದ್ದ ಮೂಲೆಗೆ ಹೋಯಿತು. "ನಾಯಿ ಹೋಯ್ತಲ್ಲೆ. ಇನ್ ಯಾರಿಗೆ ಇದ್?" ಎಂದಳು. ಕಾಣೆಯನ್ನು ಎತ್ತಿ, ಅಭ್ಯಾಸಕ್ಕೆ ಒಮ್ಮೆ ಕಿವಿರು ನೋಡಿ, ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟು ಬಸ್ಸಿಗೆ ಹೋದಳು. ಅಮ್ಮ ಕಾವಲಿಯನ್ನು ಒಲೆಯಿಂದ ಇಳಿಸಿದಳು.

ಅಜ್ಜಿ ಈಗಿಲ್ಲ. ಅವಳು ತನ್ನದೇ ಬುಟ್ಟಿಯ ಒಳ್ಳೆ ಮೀನು ತಿಂದದ್ದು, ನನಗೆ ಗೊತ್ತಿರುವ ಹಾಗೆ, ಆ ಒಂದು ಮಳೆ ಮುಗಿದ ಕಾಲದಲ್ಲಿ ಮಾತ್ರ. ಅದೂ ನಾಯಿಗೆ ನಂಬಿಕೆ ಬರಲಿ ಎಂದು.

ನಾನೀಗ ಬ್ರಹ್ಮಾವರದಲ್ಲಿದ್ದೇನೆ. ಮಗಳ ಹಟಕ್ಕೆ ನಮ್ಮಲ್ಲೂ ಒಂದು ಪುಟ್ಟ ನಾಯಿ ಬಂದಿದೆ. ಮೀನು ಬೇಕೆಂದರೆ ಅಂಗಡಿಯವನು ತಲೆ ತೆಗೆದು, ತೊಳೆದು, ಕವರಿನಲ್ಲಿ ಹಾಕಿ ಕೊಡುತ್ತಾನೆ, ಎತ್ತಿ ನೋಡಲಿಕ್ಕೆ ಕಿವಿರೇ ಇರುವುದಿಲ್ಲ. ನಾಯಿಯ ಆಹಾರ ಬೇಕೆಂದರೆ ಒಂದು ಗೋಡೆ ತುಂಬ ಪ್ಯಾಕೆಟ್ಟುಗಳು. ಎಲ್ಲದರ ಮೇಲೂ ಅದೇ ನಗುವ ನಾಯಿ, ಅದೇ ಕ್ಯಾರೆಟ್ಟು. ನಾನು ಒಂದೊಂದನ್ನೂ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದುತ್ತೇನೆ. ಅಜ್ಜಿಯ ಸಂಶಯ ಪೂರ್ತಿಯಾಗಿ ನನ್ನ ಪಾಲಿಗೆ ಬಂದಿದೆ. ಕೊನೆಗೆ ಜಾಸ್ತಿ ಬೆಲೆಯದ್ದೇ ಒಳ್ಳೆಯದಿರಬಹುದು ಎಂದು ಒಂದನ್ನು ಎತ್ತಿಕೊಂಡು ಬರುತ್ತೇನೆ, ಮತ್ತೇನು ಮಾಡಲಿ?

ಮೊನ್ನೆ ಹೊಸ ಪ್ಯಾಕೆಟ್ ಒಡೆದು ತಟ್ಟೆಗೆ ಹಾಕಿದೆ. ನಾಯಿ ಮೂಸಿತು, ತಿನ್ನಲಿಲ್ಲ, ಕೂತು ನನ್ನ ಮುಖ ನೋಡಿತು. ಒಂದು ಗೋಲಿಯನ್ನು ಬೆರಳಲ್ಲಿ ಹಿಡಿದು ಬಾಯಿಯವರೆಗೂ ತಂದೆ. ಅಲ್ಲಿಂದ ಮುಂದೆ ಕೈ ಹೋಗಲಿಲ್ಲ. ಪೂಜಾ ಮಾಡಿದ ಹಾಗೆ ಮ್ ಮ್ ಎಂದು ಜಗಿದಂತೆ ಮಾಡಿ ತಟ್ಟೆಗೆ ಹಾಕಿದೆ. ಪಾಪದ್ದು, ನಂಬಿ ತಿಂದಿತು.